ಎರಡು ಗ್ರಾಂ ಭಾರ

ಮುಂಬೈಯಿಂದ ಬಂದ ಪಾರ್ಸಲ್ಲು ಬಿಚ್ಚಿದರೆ ಒಳಗೆ ಇದ್ದದ್ದು ಹೆಬ್ಬೆರಳಿನ ತುದಿಯಷ್ಟು ಸಾಮಾನು. ರೆಕಾರ್ಡು ನುಡಿಸುವ ಟರ್ನ್‌ಟೇಬಲ್ಲಿನ ತೋಳಿಗೆ ಕೂರಿಸುವ ಮೂವಿಂಗ್ ಕಾಯಿಲ್ ಕಾರ್ಟ್ರಿಜ್. ಅದರ ಬೆನ್ನಿಗೆ ನಾಲ್ಕು ಪುಟ್ಟ ಕಡ್ಡಿಗಳು, ಅವಕ್ಕೆ ಸಿಕ್ಕಿಸಲು ತೋಳಿನೊಳಗಿಂದ ಬರುವ ನಾಲ್ಕು ತಂತಿಗಳು. ಕೆಂಪು, ಹಸಿರು, ಬಿಳಿ, ನೀಲಿ. ಜಮಖಂಡಿಯ ಈ ಬಾಡಿಗೆ ಮನೆಯ ಕಿಟಕಿಯ ಬೆಳಕಿಗೆ ಕೂತು ಅರ್ಧ ತಾಸು ಒದ್ದಾಡಿದೆ. ಅರವತ್ತು ದಾಟಿದ ಬೆರಳು, ಹೇಳಿದ ಮಾತು ಕೇಳುವುದಿಲ್ಲ. ಹಸಿರು ತಂತಿ ಮೂರನೆಯ ಸಲ ಜಾರಿದಾಗ ಅಂದಿಗೆ ಕೈಬಿಟ್ಟೆ. ಇಂಥವೇ ನಾಲ್ಕು ತಂತಿಗಳನ್ನು ಹಿಂದೆ ಒಬ್ಬರು, ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಸಿಕ್ಕಿಸಿ ಕೊಟ್ಟಿದ್ದರು...

ಅವರು ಬನಹಟ್ಟಿಯಲ್ಲಿ ನನ್ನ ಎದುರು ಮನೆಯವರು. ಓಣಿಯ ಎಲ್ಲರಂತೆ ನಾನೂ ಅವರನ್ನು ಅಕ್ಕಾರ ಎನ್ನುತ್ತಿದ್ದೆ. ಹದಿನೈದು ವರ್ಷದ ಮೇಲಾಯಿತು. ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ, ನೇಕಾರರ ಓಣಿಯಲ್ಲಿ ಮಾಳಿಗೆಯ ಮೇಲೊಂದು ಕೋಣೆ ಹಿಡಿದಿದ್ದೆ. ಮದುವೆ ಮಾಡಿಕೊಂಡಿರಲಿಲ್ಲ. ಸಂಸಾರಕ್ಕೆ ಹೋಗಬೇಕಾದ ಪಗಾರವೆಲ್ಲ ರೆಕಾರ್ಡಿನ ಚಟಕ್ಕೆ ಹೋಗುತ್ತಿತ್ತು. ಸಾವಳಗಿಯಲ್ಲಿದ್ದ ನನ್ನ ಅಣ್ಣ ಬಂದಾಗಲೆಲ್ಲ ಮಿರಜಿನ ಹಳೇ ಸಾಮಾನಿನ ಅಂಗಡಿಯಿಂದ ನಾನು ತಂದಿದ್ದ ಜಪಾನಿ ಟರ್ನ್‌ಟೇಬಲ್ಲನ್ನು ನೋಡಿ, ಇದರ ಬದಲು ಒಂದು ಎಮ್ಮೆ ಕಟ್ಟಿದ್ದರೆ ಹಾಲಾದರೂ ಬರುತ್ತಿತ್ತು ಎಂದು ಬೈದು ಹೋಗುತ್ತಿದ್ದ.

ಅಕ್ಕಾರು ಗಂಡನನ್ನು ಕಳೆದುಕೊಂಡು ಬಹಳ ವರ್ಷಗಳಾಗಿದ್ದವು. ಮಗ ಸೊಸೆ ಮನೆಯಲ್ಲೇ ಎರಡು ಪಾವರ್‌ಲೂಮು ಹಾಕಿದ್ದರು. ಅಕ್ಕಾರದು ಎಳೆ ಜೋಡಿಸುವ ಕೆಲಸ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿಯುತ್ತ ಬಂದಾಗ ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಹೊಸೆಯಬೇಕು. ಸಾವಿರಾರು ಎಳೆ, ಒಂದೂ ತಪ್ಪಬಾರದು. ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು ತಿರುವುತ್ತ ಹೋದರೆ ಪಕ್ಕದವರೊಂದಿಗೆ ಮಾತೂ ನಡೆಯುತ್ತಿತ್ತು, ಕೆಲಸವೂ ನಡೆಯುತ್ತಿತ್ತು. ಸುತ್ತಲಿನ ಓಣಿಗಳಿಂದ ಅವರಿಗೆ ಕರೆ ಬರುತ್ತಿತ್ತು.

ಆ ಓಣಿಯಲ್ಲಿ ಹಾಡು ಕೇಳಬೇಕೆಂದರೆ ವಾರಕ್ಕೊಮ್ಮೆ ಮಗ್ಗ ನಿಲ್ಲುವ ದಿನಕ್ಕೆ ಕಾಯಬೇಕಿತ್ತು. ಉಳಿದ ದಿನ ಗೋಡೆ ಕೂಡ ಕಟಕಟ ಎನ್ನುತ್ತಿತ್ತು. ಹಾಗೆ ಮಗ್ಗ ನಿಂತ ಒಂದು ದಿನ ಅಕ್ಕಾರು ಸೆರಗಿನೊಳಗೆ ಏನನ್ನೋ ಮುಚ್ಚಿಕೊಂಡು ಮೆಟ್ಟಿಲು ಹತ್ತಿ ಬಂದರು.

“ಮಾಸ್ತರ್ರ, ನಿಮ್ಮ ಮಶೀನ್ದಾಗ ಹಳೀ ಪ್ಲೇಟ ನಡೀತಾವೇನ್ರಿ?”

ಕುಪ್ಪಸದ ಖಣದ ತುಂಡಿನಲ್ಲಿ ಸುತ್ತಿದ ಒಂದು ರೆಕಾರ್ಡು. ಯಾವುದೋ ನಾಟಕ ಕಂಪನಿಯವರು ಹಾಡಿದ ಹಾಡುಗಳು. ಅಕ್ಕಾರು ಬಾಗಿಲಲ್ಲೇ ಕೂತು, ದನಿ ತಗ್ಗಿಸಿ ಹೇಳಿದರು. ಅವರ ಸೋದರತ್ತೆ ಆ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದರಂತೆ. ಕಂಪನಿಯವರು ರೆಕಾರ್ಡಿಗೆ ಹಾಡಲು ಮುಂಬೈಗೆ ಹೋದಾಗ ಮೇಳಕ್ಕೆ ಐದು ಹುಡುಗಿಯರು ಬೇಕಾಗಿದ್ದರು. ಹದಿಮೂರರ ಇವರನ್ನೂ ಕರೆದೊಯ್ದರಂತೆ. ಮೂರನೆಯ ಹಾಡಿನ ಕೊನೆಗೆ ಐವರೂ ಮೇಲಿನ ದನಿ ಎತ್ತಿ ಒಮ್ಮೆಲೆ ನಿಲ್ಲಿಸಬೇಕಿತ್ತು. ನಾಲ್ವರು ನಿಲ್ಲಿಸಿದರು, ಇವರು ಮೈಮರೆತು ಒಂದು ಉಸಿರು ಮುಂದೆ ಹೋಗಿಬಿಟ್ಟರು. ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರು ತಲೆಗೆ ಮೊಟಕಿದರಂತೆ. ಆದರೆ ಮತ್ತೊಮ್ಮೆ ಹಾಡಿಸಲು ಹೊತ್ತಿರಲಿಲ್ಲ, ಹಾಗೇ ಉಳಿಯಿತು.

ಆಮೇಲೆ ಮದುವೆ. ನಾಟಕದವರ ಪೈಕಿ ಹುಡುಗಿ ಎಂಬ ಮಾತು ಬರಬಾರದೆಂದು ಗಂಡನ ಮನೆಯಲ್ಲಿ ಆ ಸುದ್ದಿಯೇ ಎತ್ತಲಿಲ್ಲ. ಅತ್ತೆ, ಮಾವ, ಗಂಡ ಎಲ್ಲರೂ ಹೋದ ಮೇಲೆ ಒಮ್ಮೆ ಬಾಯಿಬಿಟ್ಟು ಹೇಳಿದರೆ ಯಾರೂ ನಂಬಲಿಲ್ಲ. ರೆಕಾರ್ಡಿನ ಹೊದಿಕೆಯ ಮೇಲೆ ಮೇಳದವರ ಹೆಸರೇ ಇರಲಿಲ್ಲ. ಓಣಿಯ ಹೆಂಗಸರು ನಕ್ಕರು. ಸ್ವತಃ ಅವರೂ ತಮ್ಮ ದನಿಯನ್ನು ಒಂದು ಸಲವೂ ಕೇಳಿರಲಿಲ್ಲ. ಯಾರದೋ ಮದುವೆಯಲ್ಲಿ ಮೈಕಿನ ಕರ್ಣೆಯಲ್ಲಿ ಆ ಹಾಡು ಬಂದಿತ್ತಂತೆ, ಆದರೆ ಕರ್ಣೆಯಲ್ಲಿ ಎಲ್ಲ ದನಿ ಒಂದೇ.

ನನ್ನ ಬಳಿ ಆಗ ಇದ್ದ ಸಾಧಾರಣ ಕಾರ್ಟ್ರಿಜ್ಜಿನಲ್ಲಿ ನುಡಿಸಿದೆ. ಮೂರನೆಯ ಹಾಡಿನ ಕೊನೆಯಲ್ಲಿ ಐದೂ ದನಿ ಮುದ್ದೆಯಾಗಿ ಬಂದು ನಿಂತಿತು. ಅಕ್ಕಾರು ಕಣ್ಣು ಮುಚ್ಚಿ ಕೇಳಿದರು. “ಅಲ್ಲೇ ಏನೋ ಐತ್ರಿ. ಆರಸಾಕ ಬರವಲ್ದು,” ಎಂದರು.

ಅಷ್ಟಕ್ಕೇ ಬಿಟ್ಟಿದ್ದರೆ... ಬಿಡಲಿಲ್ಲ. ಮೂವಿಂಗ್ ಕಾಯಿಲ್ ಹಾಕಿದರೆ ಆರಿಸಬಹುದು ಎಂದೆ. ಮಾಸ್ತರರ ಚಪಲ, ವಿವರಿಸಲು ಕೂತೆ. ಸಾದಾ ಕಾರ್ಟ್ರಿಜ್ಜಿನಲ್ಲಿ, ರೆಕಾರ್ಡಿನ ಗೀರಿನೊಳಗೆ ಓಡುವ ಮುಳ್ಳಿನ ಹಿಂದೆ ಅಯಸ್ಕಾಂತದ ಚೂರು ಅಲುಗಾಡುತ್ತದೆ, ಸುರುಳಿ ಸುಮ್ಮನಿರುತ್ತದೆ. ಇದರಲ್ಲಿ ಅಯಸ್ಕಾಂತ ದೊಡ್ಡದು, ಅದು ಗಟ್ಟಿಯಾಗಿ ಕೂತಿರುತ್ತದೆ. ಕೂದಲಿಗಿಂತ ಸಣ್ಣ ತಂತಿಯ ಸುರುಳಿಯೇ ಮುಳ್ಳಿನ ಜೊತೆ ಅಲುಗುತ್ತದೆ. ಹಗುರಾದ್ದರಿಂದ ಅತಿ ಸಣ್ಣ ಗೀರನ್ನೂ ಅದು ಬಿಡುವುದಿಲ್ಲ. ಹುಟ್ಟುವ ವಿದ್ಯುತ್ತು ಮಾತ್ರ ಬಹಳ ಕಡಿಮೆ, ನಡುವೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಬೇಕು. ಮುಳ್ಳು ಸವೆದರೆ ಮುಳ್ಳಷ್ಟೇ ಬದಲಿಸಲು ಬರುವುದಿಲ್ಲ, ಇಡೀ ಕಾರ್ಟ್ರಿಜ್ಜೇ ಹೋಗುತ್ತದೆ.

ಮುಂಬೈಯ ವ್ಯಾಪಾರಿ ಎರಡು ನಮೂನೆ ಇದೆ ಎಂದಿದ್ದ. ಒಂದರ ಮುಳ್ಳು ಮೆತ್ತಗೆ ಬಾಗುವಂಥದ್ದು, ಇನ್ನೊಂದರದು ಬಿಗಿ. ನನಗೆ ಮೆತ್ತನೆಯದರ ಮೇಲೆ ಮನಸ್ಸು. ಅಕ್ಕಾರು ಟರ್ನ್‌ಟೇಬಲ್ಲಿನ ತೋಳನ್ನು ಒಂದು ಬೆರಳಿನಿಂದ ಎತ್ತಿ ನೋಡಿ, ಈ ತೋಳು ಭಾರ ಇದೆ, ಮೆತ್ತನೆಯ ಮುಳ್ಳು ಹಾಕಿದರೆ ತೂಗಾಡುತ್ತದೆ, ಬಿಗಿಯದನ್ನೇ ತರಿಸಿ ಎಂದರು. ಮುಂಬೈಯ ವ್ಯಾಪಾರಿಯೂ ಫೋನಿನಲ್ಲಿ ಅದನ್ನೇ ಹೇಳಿದ. ನಾನು ವ್ಯಾಪಾರಿಯ ಮಾತಿಗೆ ತಲೆಯಾಡಿಸಿದೆ. ಅಕ್ಕಾರು ಮೊದಲೇ ಹೇಳಿದ್ದು ಆಗ ನೆನಪಿಗೆ ಬರಲಿಲ್ಲ.

ಸಾಮಾನು ಬರಲು ಎರಡು ತಿಂಗಳಾಯಿತು. ಅಷ್ಟೂ ದಿನ ಅಕ್ಕಾರು ನೀರಿಗೆ ಹೋಗುವಾಗ ತಲೆ ಎತ್ತಿ ನನ್ನ ಕಿಟಕಿ ನೋಡುತ್ತಿದ್ದರು. ಬಾಯಿಬಿಟ್ಟು ಕೇಳಿದ್ದು ಒಂದೋ ಎರಡೋ ಸಲ ಅಷ್ಟೆ.

ಮಗ್ಗ ನಿಲ್ಲುವ ದಿನ ಸಾಲಿಗೆ ರಜೆ ಹಾಕಿದೆ. ಅಕ್ಕಾರು ತಲೆ ಸ್ನಾನ ಮಾಡಿ, ಇಸ್ತ್ರಿ ಹಾಕಿದ ಸೀರೆ ಉಟ್ಟು ಬಂದಿದ್ದರು. ನಾಲ್ಕು ತಂತಿಗಳನ್ನು ಅವರೇ ಸಿಕ್ಕಿಸಿದರು. ಬೂದಿ ಕೇಳಿದರು, ಇದಕ್ಕೆ ಬೂದಿ ನಡೆಯದು ಎಂದೆ. ಗೆರೆ ಎಳೆದ ಕಾಗದ ಇಟ್ಟು ಕಾರ್ಟ್ರಿಜ್ಜನ್ನು ನೇರ ಕೂರಿಸಿದೆ, ಸಣ್ಣ ಕನ್ನಡಿಯಲ್ಲಿ ಮುಳ್ಳು ಓರೆಯಿಲ್ಲವೆಂದು ನೋಡಿಕೊಂಡೆ. ಉಳಿದದ್ದು ಭಾರ. ಮುಳ್ಳು ರೆಕಾರ್ಡನ್ನು ಎರಡು ಗ್ರಾಂ ಭಾರದಿಂದ ಒತ್ತಬೇಕು ಎಂದು ಚೀಟಿಯಲ್ಲಿ ಬರೆದಿತ್ತು. ಬಜಾರಿನ ಪತ್ತಾರರ ಹತ್ತಿರ ಬಂಗಾರ ತೂಗುವ ಪುಟ್ಟ ಕರೆಂಟಿನ ಕಾಟಾ ಕೇಳಿ ತಂದಿದ್ದೆ. ತೋಳಿನ ಹಿಂದಿನ ತೂಕದ ಬಿಲ್ಲೆ ತಿರುಗಿಸುತ್ತ, ಮುಳ್ಳನ್ನು ಕಾಟಾದ ಮೇಲೆ ಇಳಿಸುತ್ತ ತೂಗಿದೆ. ಎರಡಕ್ಕೆ ಬಂದಾಗ ನನಗೆ ಭಯವಾಯಿತು. ಊರಿಗೆ ಒಂದೇ ರೆಕಾರ್ಡು, ಇಷ್ಟು ಹಳೆಯದು, ಭಾರ ಬಿದ್ದು ಸವೆದರೆ? ಇನ್ನೂ ಸ್ವಲ್ಪ ಇಳಿಸಿದೆ.

ಅಕ್ಕಾರು ತೋಳನ್ನೇ ನೋಡುತ್ತಿದ್ದರು. “ಸಡಲಾತೇನ್ರಿ? ಬಿಗಿ ಇದ್ದ ಎಳಿಗೆ ಏನೂ ಆಗೂದಿಲ್ಲ. ಸಡಲ ಎಳೀನ ಲಾಳಿ ಕಡೀತೈತ್ರಿ.”

“ಇದು ಮಗ್ಗ ಅಲ್ರಿ ಅಕ್ಕಾರ,” ಎಂದು ನಾನು ನಕ್ಕೆ.

ಮೊದಲ ಹಾಡು ಬಂತು. ತೆರೆ ಸರಿಸಿದ ಹಾಗೆ ಎಲ್ಲ ಎದುರಿಗೇ ಇತ್ತು. ಪೇಟಿ ಉಸಿರಾಡುವುದೂ ಕೇಳುತ್ತದೆ ಎಂದು ಅಕ್ಕಾರು ಪಿಸುಗುಟ್ಟಿದರು. ಮೂರನೆಯ ಹಾಡಿನ ಕೊನೆ ಬಂತು. ಐದು ಹುಡುಗಿಯರು ದನಿ ಎತ್ತಿದರು. ಸರಿಯಾಗಿ ಅಲ್ಲಿಗೇ ಚರ್ರೆಂದು ಹರಿದ ಸದ್ದು. ದನಿ ನಿಂತದ್ದು, ನಿಲ್ಲದ್ದು, ಯಾವುದೂ ತಿಳಿಯಲಿಲ್ಲ.

ಧೂಳಿರಬೇಕೆಂದು ಒರೆಸಿ ಮತ್ತೆ ಹಚ್ಚಿದೆ. ಮತ್ತೆ ಚರ್ರ್. ಮತ್ತೆ ಹಚ್ಚಿದೆ. ಎಂಟು ಸಲವೋ ಒಂಬತ್ತು ಸಲವೋ... ಪ್ರತಿ ಸಲ ಸದ್ದು ಹೆಚ್ಚಾಗುತ್ತಿತ್ತು, ನನ್ನ ಹಟವೂ. ಕೊನೆಗೆ ಅಕ್ಕಾರೇ ಕೈ ಅಡ್ಡ ಹಿಡಿದರು.

“ಸಾಕ್ರಿ. ಖರೆ ಹೇಳ್ರಿ ಮಾಸ್ತರ್ರ. ನನ್ನ ದನಿ ಅದರಾಗ ಐತೋ ಇಲ್ಲೋ?”

ಗೊತ್ತಾಗಲಿಲ್ಲ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಅಷ್ಟು ದುಡ್ಡು ಸುರಿದು, ಅಷ್ಟು ದಿನ ಕೊಚ್ಚಿಕೊಂಡ ಮಶೀನು ಸೋತಿತು ಎನ್ನಲು ನನ್ನ ನಾಲಿಗೆ ಏಳಲಿಲ್ಲ. “ಇಲ್ರಿ ಅಕ್ಕಾರ,” ಎಂದೆ. “ಇದ್ದಿದ್ರ ಈ ಮಶೀನಕ್ಕ ಸಿಕ್ಕ ಸಿಗತಿತ್ತು. ಪ್ಲೇಟು ಮೊದಲ ಸವದೈತಿ.”

“ಹಂಗಾರ ಇಲ್ಲ ಬಿಡ್ರಿ,” ಎಂದರು. ರೆಕಾರ್ಡನ್ನು ಖಣದಲ್ಲಿ ಸುತ್ತಿಕೊಂಡು, ಮೆಟ್ಟಿಲನ್ನು ಒಂದೊಂದಾಗಿ ಇಳಿದು ಹೋದರು. ಆಮೇಲೆ ಅವರು ನನ್ನ ಕೋಣೆಗೆ ಬರಲಿಲ್ಲ. ಸಿಟ್ಟೇನೂ ಇರಲಿಲ್ಲ, ಎದುರಾದರೆ ಊಟ ಆಯಿತೇ ಎಂದು ಕೇಳುತ್ತಿದ್ದರು. ಕಿಟಕಿಯ ಕಡೆ ಮಾತ್ರ ನೋಡುತ್ತಿರಲಿಲ್ಲ.

ಆ ವರ್ಷವೇ ನನಗೆ ಬೀಳಗಿಗೆ ವರ್ಗವಾಯಿತು. ಅಲ್ಲಿ ಒಂದು ಮುಂಜಾನೆ ಉತ್ತರಪತ್ರಿಕೆಗಳ ಪಕ್ಕದಲ್ಲಿ ಆ ಕಾರ್ಟ್ರಿಜ್ಜನ್ನು ಬಿಚ್ಚಿಟ್ಟು ಒರೆಸುತ್ತಿದ್ದೆ. ಮೇಜಿನ ಮೇಲಿದ್ದ ಗುಂಡುಸೂಜಿ ಸರಕ್ಕನೆ ಜಾರಿ ಬಂದು ಅದರ ಹೊಟ್ಟೆಗೆ ಅಂಟಿತು. ಕಿತ್ತು ದೂರ ಇಟ್ಟೆ, ಮತ್ತೆ ಜಾರಿ ಬಂದು ಅಂಟಿತು. ಒಳಗಿನ ಅಯಸ್ಕಾಂತ ದೊಡ್ಡದು ಎಂದು ಅಕ್ಕಾರಿಗೆ ಪಾಠ ಹೇಳಿದವನು ನಾನೇ. ಪತ್ತಾರರ ಕಾಟಾದ ತಟ್ಟೆಯ ಕೆಳಗಿನ ಒಡಲು ಕಬ್ಬಿಣದ್ದು. ತೂಗುವಾಗ ಆ ಕಬ್ಬಿಣ ಕಾರ್ಟ್ರಿಜ್ಜನ್ನು ಕೆಳಗೆ ಎಳೆದಿದೆ, ಕಾಟಾ ಇದ್ದದ್ದಕ್ಕಿಂತ ಹೆಚ್ಚು ಭಾರ ತೋರಿಸಿದೆ. ಎರಡು ಗ್ರಾಂ ಎಂದು ನಾನು ನಂಬಿದ್ದು ಎರಡಾಗಿರಲಿಲ್ಲ, ಅದರಲ್ಲೂ ಇಳಿಸಿದ್ದೆ. ರೆಕಾರ್ಡಿನ ಮೇಲೆ ಮುಳ್ಳು ಒತ್ತಿ ಕೂರದೆ ಕುಣಿದಿದೆ. ದನಿ ಏರಿದ ಕಡೆಯಲ್ಲೆಲ್ಲ ಗೀರಿನ ಗೋಡೆಗೆ ಬಡಿದು ಕಡಿದಿದೆ. ಭಾರವಾದ ಮುಳ್ಳಿಗಿಂತ ಸಡಿಲ ಮುಳ್ಳೇ ರೆಕಾರ್ಡಿಗೆ ಕೇಡು. ಒಂಬತ್ತನೆಯ ಇಯತ್ತೆಗೆ ವರ್ಷಾ ವರ್ಷಾ ಅಯಸ್ಕಾಂತ ಕಲಿಸಿದ ಮಾಸ್ತರನಿಗೆ ತಿಳಿಯದ್ದು, ಲಾಳಿ ನೋಡಿದ ಹೆಂಗಸಿಗೆ ತಿಳಿದಿತ್ತು.

ಬೀಳಗಿಯಿಂದ ಬನಹಟ್ಟಿ ಬೆಳಿಗ್ಗೆ ಹೋಗಿ ಸಂಜೆಗೆ ಬರುವಷ್ಟು ದೂರ. ಹೋಗಿ, ಪ್ಲೇಟು ಸವೆದಿರಲಿಲ್ಲ, ನಾನೇ ಕೆಡಿಸಿದೆ, ನಿಮ್ಮ ದನಿ ಇಲ್ಲವೆಂದದ್ದು ಸುಳ್ಳು ಎಂದು ಹೇಳಬೇಕಿತ್ತು. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಆಮೇಲೆ ಗಣತಿ ಕೆಲಸ, ಆಮೇಲೆ ಇಲೆಕ್ಷನ್ ಡ್ಯೂಟಿ... ನೆಪಗಳಿಗೇನು ಬರ. ಕೆಲವು ವರ್ಷಗಳ ಮೇಲೆ ಹಳೆಯ ಸಾಲಿಯ ಗೆಳೆಯರೊಬ್ಬರು ಸಿಕ್ಕಾಗ ಮಾತಿನ ನಡುವೆ, ನಿಮ್ಮ ಎದುರು ಮನೆಯ ಅಕ್ಕಾರು ತೀರಿಹೋಗಿ ಎರಡು ವರ್ಷವಾಯಿತಲ್ಲ ಎಂದರು. ನಾನು ಚಹಾದ ಕಪ್ಪು ಕೆಳಗಿಟ್ಟೆ. ಕಾರ್ಟ್ರಿಜ್ಜನ್ನು ಅಂದೇ ಪೆಟ್ಟಿಗೆಯ ತಳಕ್ಕೆ ಹಾಕಿದೆ, ಮತ್ತೆ ಕೂರಿಸಲಿಲ್ಲ.

ಕಳೆದ ತಿಂಗಳು ಮುಧೋಳದಲ್ಲಿ, ಮದುವೆಗಳಿಗೆ ಮೈಕು ಬಾಡಿಗೆ ಕೊಡುತ್ತಿದ್ದ ಒಬ್ಬರು ಅಂಗಡಿ ಮುಚ್ಚುತ್ತಿದ್ದಾರೆಂದು ಕೇಳಿ ಹೋಗಿದ್ದೆ. ಹಳೆಯ ರೆಕಾರ್ಡುಗಳ ರಾಶಿಯ ನಡುವೆ ಅದೇ ಹೊದಿಕೆ. ಹೆಚ್ಚು ನುಡಿಸಿರಲಿಲ್ಲ. ಹೊಸ ಕಾರ್ಟ್ರಿಜ್ ತರಿಸಿದ್ದು ಅದಕ್ಕೇ. ಈ ಸಲ ಎಲ್ಲಿಯೂ ಕಬ್ಬಿಣವಿಲ್ಲದ ಕಾಟಾ ಹುಡುಕಿದೆ. ಮೊದಲ ದಿನ ಕೈಬಿಟ್ಟ ತಂತಿಗಳನ್ನು ಸಿಕ್ಕಿಸಲು ಮರುದಿನದ ಅರ್ಧ ಹೊತ್ತು ಹೋಯಿತು. ಎರಡು ಗ್ರಾಂ, ಕೂದಲೆಳೆಯಷ್ಟೂ ಕಡಿಮೆಯಿಲ್ಲ.

ಮೂರನೆಯ ಹಾಡಿನ ಕೊನೆಗೆ ಐದು ಹುಡುಗಿಯರು ದನಿ ಎತ್ತಿದರು. ನಾಲ್ವರು ನಿಂತರು. ಒಬ್ಬಳು ನಿಲ್ಲಲಿಲ್ಲ. ಒಂದು ಉಸಿರಿನಷ್ಟು, ತೆಳ್ಳಗೆ, ಒಬ್ಬಳೇ... ಆಮೇಲೆ ಗಕ್ಕನೆ ಎಚ್ಚರಾಗಿ ಬಾಯಿ ಮುಚ್ಚಿಕೊಂಡಳು. ನಾನು ಅತ್ತುಬಿಟ್ಟೆ.

ಆ ತುಣುಕನ್ನು ಮೊಬೈಲಿಗೆ ಹಿಡಿದುಕೊಂಡು ಬನಹಟ್ಟಿಗೆ ಹೋದೆ. ಸೊಸೆ ಗುರುತು ಹಿಡಿದು, ಮಗ್ಗದ ಪಕ್ಕದಲ್ಲೇ ಕುರ್ಚಿ ಹಾಕಿದಳು. ನಾನು ಎಲ್ಲವನ್ನೂ ಹೇಳಿದೆ. ಕಾಟಾ, ಕಬ್ಬಿಣ, ನನ್ನ ಸುಳ್ಳು. ಅವಳು ಮೊಬೈಲನ್ನು ಕಿವಿಗೆ ಒತ್ತಿಕೊಂಡು ಕೇಳಿದಳು, ತಲೆಯಾಡಿಸಿ ವಾಪಸು ಕೊಟ್ಟಳು.

“ಯಾರ್ದೋ ಹುಡುಗಿ ದನಿ ರೀ ಇದು. ನಮ್ಮ ಅತ್ತಿ ಹಾಡಿದ್ದಿಲ್ರಿ. ಮೊದಲ ಹಾಡೇನಿ ಅಂತಿದ್ರು, ಖರೆ. ಆಮ್ಯಾಲ ಒಂದ ದಿನ ಓಣ್ಯಾಗ ಎಲ್ಲಾರ ಮುಂದ ಅವರ ಹೇಳಿದ್ರು. ಮಾಸ್ತರ ಮಶೀನ ಹಚ್ಚಿ ನೋಡ್ಯಾರ, ಅದರಾಗ ನನ್ನ ದನಿ ಇಲ್ಲಂತ, ಸಣ್ಣಾಕಿದ್ದಾಗ ಏನೋ ಕನಸ ಕಂಡಿದ್ನಿ ಕಾಣತೈತಿ, ಇನ್ನ ಯಾರೂ ಆ ಮಾತ ಎತ್ತಬ್ಯಾಡ್ರಿ ಅಂತ.” ಚಹಾದ ಕಪ್ಪು ಮುಂದಿಟ್ಟು ಹೇಳಿದಳು, “ಆ ಪ್ಲೇಟು ಗಂಜಿ ಗಡಿಗಿ ಮ್ಯಾಲ ಮುಚ್ಚಾಕ ಇಟ್ಟಿದ್ರು. ಒಡದ ಹೋತ್ರಿ.”

ಅಲ್ಲ ತಂಗಿ, ಇದು ಅವರದೇ ದನಿ ಎಂದು ಇನ್ನೊಮ್ಮೆ ಹೇಳಿದೆ. ಅವಳು ನನ್ನ ಮುಖ ನೋಡಿ, ವಯಸ್ಸಾದವರಿಗೆ ಹೇಳುವಂತೆ ಮೆಲ್ಲಗೆ, ಚಹಾ ಆರುತ್ತದೆ ಕುಡಿಯಿರಿ ಎಂದಳು. ಕುಡಿದೆ. ಐದು ಗಂಟೆಯ ಬಸ್ಸಿಗೆ ಜಮಖಂಡಿಗೆ ಬಂದೆ.

ಅಕ್ಕಾರು ತಮ್ಮ ಕಿವಿಗಿಂತ, ತಮ್ಮ ನೆನಪಿಗಿಂತ ನನ್ನ ಮಾತನ್ನು ಹೆಚ್ಚು ನಂಬಿದರು. ನನ್ನ ಸುಳ್ಳನ್ನು ತಮ್ಮ ಬಾಯಿಂದಲೇ ಊರಿಗೆ ಹೇಳಿ ಹೋದರು. ಈಗ ನಾನು ನಿಜ ಹೇಳಿದರೆ ಕೇಳುವವರಿಗೆ ಅವರ ಮಾತೇ ಪ್ರಮಾಣ. ನಿನ್ನೆ ಆ ಹಾಡು ಮತ್ತೆ ಹಚ್ಚಿದೆ. ಆ ಉಸಿರು ಬಂದಾಗ, “ಐತ್ರಿ ಅಕ್ಕಾರ, ನಿಮ್ದ ಐತಿ,” ಎಂದು ಗಟ್ಟಿಯಾಗಿಯೇ ಹೇಳಿದೆ. ಖಾಲಿ ಕೋಣೆಯಲ್ಲಿ ನನ್ನ ದನಿ ನನಗೇ ಕೇಳಿಸಿ ನಾಚಿಕೆಯಾಯಿತು. ಎದ್ದು ಮುಳ್ಳು ಎತ್ತಿಟ್ಟೆ.