ಐದು ಪುಸ್ತಕ, ಒಂದು ಬಾಯಿ

ಮೂಡುಬಿದಿರೆಯ ಕಾಲೇಜಿಗೆ ನಾನು ಇತಿಹಾಸ ಕಲಿಸಲು ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆ ವರ್ಷ ವೇಣೂರಿನ ಒಬ್ಬ ವೃದ್ಧರನ್ನು ಭಾಷಣಕ್ಕೆ ಕರೆದಿದ್ದೆವು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಯುದ್ಧವಿಮಾನ ಹಾರಿಸಿದವರು. ಇನ್ನೂ ಮಾತು ಮುಗಿದಿರಲಿಲ್ಲ, ನಮ್ಮ ವಿಭಾಗದ ಮುಖ್ಯಸ್ಥರು ಎದ್ದು ನಿಂತರು. "ಪ್ಯಾರಾಶೂಟಿನಲ್ಲಿ ಇಳಿಯುವ ಶತ್ರುಗಳಿಗೂ ಗುಂಡು ಹಾರಿಸಬೇಕು ಅಂತ ನಿಮಗೆ ಆದೇಶ ಇತ್ತಲ್ಲ? ಐದು ಪುಸ್ತಕಗಳಲ್ಲಿ ಉಂಟು."

"ನಮಗೆ ಅಂಥ ಆದೇಶ ಬರಲೇ ಇಲ್ಲ," ಎಂದರು ವೃದ್ಧರು.

"ಹಾಗಾದರೆ ಐದು ಜನವೂ ಸುಳ್ಳು ಬರೆದದ್ದಾ?"

ಸಭೆ ಗೊಳ್ಳೆಂದು ನಕ್ಕಿತು. ವೃದ್ಧರು ಚಹಾ ಕೂಡ ಮುಟ್ಟದೆ ವೇಣೂರಿನ ಬಸ್ಸು ಹತ್ತಿದರು. ಮರುದಿನದಿಂದ ಹುಡುಗರ ಬಾಯಲ್ಲಿ ಅವರು 'ಕೊಲೆಗಾರ ಅಜ್ಜ'. ನನಗೆ ಮೈಯೆಲ್ಲ ಉರಿಯಿತು.

ಬಂಟ್ವಾಳದ ಮನೆಗೆ ಬಂದು ನನ್ನ ತಾಯಿ, ಉಮ್ಮನೆದುರು ಸಿಟ್ಟೆಲ್ಲ ಕಾರಿಕೊಂಡೆ. ನಮ್ಮಲ್ಲಿ ಸಂಬಂಧ ಬಂದರೆ ಗಂಡಿನ ಬಗ್ಗೆ ವಿಚಾರಿಸುವ ಕೆಲಸ ಇಡೀ ಕುಟುಂಬಕ್ಕೆ ಉಮ್ಮನದೇ. ಗಲ್ಫಿನ ಹುಡುಗ ಕುಡಿಯುತ್ತಾನೆ ಎಂದು ಊರೆಲ್ಲ ಹೇಳಿದರೂ ಅವಳಿಗೆ ಸಾಲದು. ನಿಮಗೆ ಯಾರು ಹೇಳಿದ್ದು, ಅವರಿಗೆ ಯಾರು ಹೇಳಿದ್ದು ಎಂದು ಹಿಡಿದ ಪಟ್ಟು ಬಿಡದೆ ಮನೆಮನೆ ಹತ್ತಿಳಿಯುವಳು. ಒಮ್ಮೆ ಹಾಗೆ ಹೋಗಿ ಮುಟ್ಟಿದ್ದು, ಆ ಹುಡುಗ ಒಲ್ಲೆನೆಂದಿದ್ದ ಹೆಣ್ಣಿನ ಸೋದರಮಾವನ ಜಗಲಿಗೆ.

"ಐದು ಬಾಯಿಯೋ ಒಂದೇ ಬಾಯಿಯೋ, ಮೊದಲು ಅದು ನೋಡು ಮಾರಾಯ್ತಿ," ಎಂದಳು.

ಅಡಿಟಿಪ್ಪಣಿ ಹಿಡಿದು ಹೊರಟೆ. ಮೂರು ಪುಸ್ತಕಗಳು ನಾಲ್ಕನೆಯದರತ್ತ ಕೈ ತೋರಿಸಿದವು, ನಾಲ್ಕನೆಯದು ಐದನೆಯದರತ್ತ. ತಿಂಗಳುಗಟ್ಟಲೆ ಅಲೆದ ಮೇಲೆ ಆ ಐದನೆಯದು ಮೈಸೂರಿನ ಗ್ರಂಥಾಲಯವೊಂದರಲ್ಲಿ ಸಿಕ್ಕಿತು. ಬರೆದವನು ಬರ್ಮಾಕ್ಕೆ ಕಾಲಿಟ್ಟವನೇ ಅಲ್ಲ. ಆದೇಶದ ಸಂಖ್ಯೆಯಿಲ್ಲ, ಸಹಿ ಯಾರದೆಂದಿಲ್ಲ. ಊಟದ ಮೇಜಿನಲ್ಲಿ ಯಾರೋ ಹಾಗೆ ಹೇಳಿದರು ಎಂದಷ್ಟೇ ಇತ್ತು. ಓದುವ ಕೋಣೆಯಲ್ಲೇ ಜೋರಾಗಿ ನಕ್ಕು ಬೈಸಿಕೊಂಡೆ.

ಜೆರಾಕ್ಸ್ ಪುಟಗಳನ್ನು ಮುಖ್ಯಸ್ಥರ ಮೇಜಿನ ಮೇಲೆ ಸಾಲಾಗಿ ಹರಡಿದೆ. "ಆದೇಶ ಎಲ್ಲಿಯೂ ಇರಲಿಲ್ಲ ಅಂತ ನಾನು ಹೇಳುವುದಿಲ್ಲ ಸರ್. ಇತ್ತು ಅನ್ನಲಿಕ್ಕೆ ನಮ್ಮ ಕೈಯಲ್ಲಿ ಏನೂ ಇಲ್ಲ."

ಅವರು ಎರಡೆರಡು ಸಲ ಓದಿದರು. ದೊಡ್ಡ ಮನುಷ್ಯ, ಕೊಂಕು ತೆಗೆಯಲಿಲ್ಲ. "ಎಲ್ಲರ ಎದುರು ಕೇಳಿದ್ದು ನಾನು. ತಪ್ಪಾಯ್ತು ಅಂತ ಎಲ್ಲರ ಎದುರೇ ಹೇಳ್ತೇನೆ. ಅವರನ್ನು ಮತ್ತೆ ಕರೆಯಲಿಕ್ಕೆ ವೇಣೂರಿಗೆ ಹೋಗುವ," ಎಂದರು.

ಅದೇ ಸಭಾಂಗಣದಲ್ಲಿ, ಅದೇ ಮೈಕಿನಲ್ಲಿ ಅವರು ಕ್ಷಮೆ ಕೇಳಿದರು. ಹುಡುಗರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಮುಂದಿನ ಸಾಲಿನಲ್ಲಿ ಉಮ್ಮ ತಾನೇ ಯುದ್ಧ ಗೆದ್ದವಳ ಹಾಗೆ ಕೂತಿದ್ದಳು. ಸುಳ್ಳೇಕೆ, ನನ್ನ ಕಾಲೂ ಆ ದಿನ ನೆಲದ ಮೇಲಿರಲಿಲ್ಲ.

ವೃದ್ಧರು ಈ ಸಲ ಚಹಾ ಕುಡಿದರು. ಲೋಟ ಕೆಳಗಿಟ್ಟು ಮೈಕು ಹತ್ತಿರ ಎಳೆದುಕೊಂಡರು.

"ಒಮ್ಮೆ ಒಬ್ಬ ಶತ್ರು ನನ್ನ ಎದುರೇ ಪ್ಯಾರಾಶೂಟಿನಲ್ಲಿ ಇಳಿದ. ಬೇರೆ ಯಾರೂ ಅವನಿಗೆ ಗುಂಡು ಹಾರಿಸಬಾರದು ಅಂತ, ಅವ ನೆಲ ಮುಟ್ಟುವವರೆಗೆ ನಾನು ಸುತ್ತು ಹಾಕ್ತಾ ಇದ್ದೆ. ಆವತ್ತು ನಾನು ಇಲ್ಲಿಗೆ ಇದನ್ನು ಹೇಳ್ಲಿಕ್ಕೆ ಅಂತಲೇ ಬಂದದ್ದು."