ಹಳೆಯ ಕಾರಿಗೆ ಮುಂಚಿತವಾಗಿ ಕೊಟ್ಟ ನೋಟಿಸು

ಸ್ಪೋರ್ಟ್ಸ್ ಕಾರು ಕೊಳ್ಳುವುದು ತಪ್ಪೆಂದು ನನಗೆ ಗೊತ್ತಿತ್ತು. ಜಯನಗರದ ಪಾದಚಾರಿ ಮಾರ್ಗಗಳ ಮೇಲೆ ಕಾರು ನಿಲ್ಲಿಸುವವರ ವಿರುದ್ಧ ವರ್ಷಗಟ್ಟಲೆ ಅರ್ಜಿ ಬರೆದವಳು ನಾನು. ಬಸ್ಸು ಹೆಚ್ಚಿಸಿ ಎಂದು ಬನಶಂಕರಿ ಬಸ್ ನಿಲ್ದಾಣದ ಮುಂದೆ ಫಲಕ ಹಿಡಿದು ನಿಂತವಳು. ಇಬ್ಬರನ್ನು ಮಾತ್ರ ಹೊತ್ತು ನಾಲ್ವರ ಪೆಟ್ರೋಲು ಕುಡಿಯುವ ವಾಹನವನ್ನು ಯಾವ ವಾದದಿಂದಲೂ ಸಮರ್ಥಿಸಲಾರೆ. ನಾನು ಓದಿದ, ಮರದ ಕೆಳಗೆ ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಪ್ರತಿ ಆಸೆಯನ್ನೂ ಎದುರು ಕೂರಿಸಿಕೊಂಡು ಪ್ರಶ್ನಿಸಬೇಕೆಂದು ಕಲಿಸಿದ್ದರು. ಈ ಆಸೆಯನ್ನು ಮೂವತ್ತು ವರ್ಷ ಪ್ರಶ್ನಿಸಿದೆ. ಅದು ಎದ್ದು ಹೋಗಲಿಲ್ಲ.

ಕೊನೆಗೆ ಅವಸರ ಹುಟ್ಟಿಸಿದ್ದು ನನ್ನ ಬಲ ಮಂಡಿ. ಸವೆತ ಹೀಗೇ ಮುಂದುವರಿದರೆ ಇನ್ನೆರಡು ವರ್ಷದಲ್ಲಿ ತಗ್ಗಿನ ಆಸನಗಳಿಂದ ಏಳುವುದು ಕಷ್ಟವಾಗುತ್ತದೆ ಎಂದು ವೈದ್ಯರು ಹೇಳಿದರು. ಸ್ಪೋರ್ಟ್ಸ್ ಕಾರಿನ ಆಸನಕ್ಕಿಂತ ತಗ್ಗಿನದು ಇನ್ನೊಂದಿಲ್ಲ. ಈಗ ಕೊಳ್ಳದಿದ್ದರೆ ಎಂದೆಂದಿಗೂ ಇಲ್ಲ ಎಂಬ ಲೆಕ್ಕ ಆ ದಿನದಿಂದ ನನ್ನನ್ನು ಒಂದೆಡೆ ಕೂರಲು ಬಿಡಲಿಲ್ಲ.

ಇಟ್ಟಮಡುವಿನಲ್ಲಿ ನಿವೃತ್ತ ಅಧಿಕಾರಿಯೊಬ್ಬರು ಹದಿನಾಲ್ಕು ವರ್ಷದ ಬೆಳ್ಳಿ ಬಣ್ಣದ ಕಾರನ್ನು ಮಾರಾಟಕ್ಕಿಟ್ಟಿದ್ದರು. ಹೊಸದಾಗಿ ಕೊಂಡವರೂ ಅವರೇ. ನೋಡಲು ಹೋಗುವ ಮೂರು ದಿನ ಮೊದಲು, ಏನೇನು ಪರೀಕ್ಷಿಸಲಿದ್ದೇನೆ ಎಂಬುದನ್ನು ನಾಲ್ಕು ಪುಟಗಳಲ್ಲಿ, ಕ್ರಮಸಂಖ್ಯೆ ಸಹಿತ ಅವರಿಗೆ ಬರೆದು ಕಳಿಸಿದೆ. ಇಂಜಿನ್ ಪೂರ್ತಿ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ ಹೊಗೆಯ ಬಣ್ಣ ನೋಡುವುದು. ಮಳೆನೀರಿನಲ್ಲಿ ಮುಳುಗಿತ್ತೇ ಎಂದು ತಿಳಿಯಲು ಕಾರ್ಪೆಟ್ ಎತ್ತಿ ಮೂಸುವುದು, ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಹುಡುಕುವುದು. ತಳದ ತುಕ್ಕು, ಬಾಗಿಲುಗಳ ಸಂದಿನ ಅಳತೆ, ಟೈರಿನ ವಯಸ್ಸು, ಆರ್‌ಸಿಯಲ್ಲಿರುವ ಚಾಸಿ ನಂಬರು, ಬ್ಯಾಂಕಿನ ಸಾಲ ತೀರಿದ ಪತ್ರ, ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ಮರುನೋಂದಣಿಗೆ ಬೇಕಾಗುವ ಕಾಗದಗಳು.

ಬೀದಿ ವ್ಯಾಪಾರಿಗಳ ಗಾಡಿಗಳನ್ನು ಸೂಚನೆಯಿಲ್ಲದೆ ಎತ್ತಿಕೊಂಡು ಹೋಗುವುದನ್ನು ವಿರೋಧಿಸುತ್ತ ಬಂದವಳು ನಾನು. ಮುನ್ಸೂಚನೆಯಿಲ್ಲದ ತಪಾಸಣೆ ದಬ್ಬಾಳಿಕೆ ಎಂದು ಎಷ್ಟೋ ಸಲ ಬರೆದಿದ್ದೇನೆ. ಕಾರಿನ ಮಾಲೀಕರಿಗೆ ಬೇರೆ ನ್ಯಾಯ ಹೇಗೆ ಅನ್ವಯಿಸಲಿ?

ನನ್ನ ಸ್ಕೂಟರನ್ನು ನೋಡಿಕೊಳ್ಳುವ ಬಿಟಿಎಂ ಲೇಔಟಿನ ಮೆಕ್ಯಾನಿಕ್ ಜೊತೆಗೆ ಬಂದಿದ್ದರು. ಕಾರುಗಳ ಕೆಲಸವೂ ಅವರಿಗೆ ಗೊತ್ತು. ಪಟ್ಟಿಯ ವಿಷಯ ಹೇಳಿದಾಗ ಅವರು ಗೇಟಿನ ಮುಂದೆಯೇ ನಿಂತುಬಿಟ್ಟರು.

"ಹಾಲ್ ಟಿಕೆಟ್ ಜೊತೆ ಕ್ವೆಶ್ಚನ್ ಪೇಪರೂ ಕೊಟ್‌ಬಿಟ್ರಾ ಮೇಡಂ?"

"ಅವರಿಗೂ ತಯಾರಾಗೋಕೆ ಅವಕಾಶ ಇರಬೇಕಲ್ವಾ?"

"ಆಗಿರ್ತಾರೆ ಬಿಡಿ. ಸಖತ್ತಾಗಿ ತಯಾರಾಗಿರ್ತಾರೆ."

ಹಾಗೆಯೇ ಆಗಿತ್ತು. ಕಾಗದಗಳು ನನ್ನದೇ ಕ್ರಮಸಂಖ್ಯೆಯಲ್ಲಿ ಫೈಲಿನಲ್ಲಿದ್ದವು. ನನಗೆ ಕಣ್ಣು ತುಂಬಿ ಬಂತು. ಇಂಜಿನ್ ತಣ್ಣಗಿತ್ತು, ಹೊಗೆ ಬರಲಿಲ್ಲ. ಕಾರ್ಪೆಟ್ಟು ಶಾಂಪೂ ಪರಿಮಳ ಬೀರುತ್ತಿತ್ತು. ಮೆಕ್ಯಾನಿಕ್ ನೆಲಕ್ಕೆ ಬೆನ್ನು ಹಚ್ಚಿ ತಳ ನೋಡಿ ಎದ್ದರು. "ಕೆಳಗೆಲ್ಲ ಹೊಸಾ ಕಪ್ಪು ಬಳಿದವ್ರೆ. ತುಕ್ಕಿದ್ರೂ ಕಾಣಲ್ಲ, ವೆಲ್ಡಿಂಗ್ ಇದ್ರೂ ಕಾಣಲ್ಲ."

ಕಾಫಿ ಬಂತು. ನನಗೆ ಸ್ಟೀಲ್ ಲೋಟ, ಮೆಕ್ಯಾನಿಕ್‌ಗೆ ಕಾಗದದ ಲೋಟ. ಇದನ್ನು ನೋಡಿಯೂ ಸುಮ್ಮನಿರುವುದು ನನ್ನಿಂದಾಗದು. "ಇಬ್ಬರಿಗೂ ಒಂದೇ ಥರದ ಲೋಟ ಕೊಡಬಹುದಿತ್ತು ಸಾರ್," ಎಂದೆ. ಮಾಲೀಕರ ಮುಖ ಕೆಂಪಾಯಿತು. "ಅಯ್ಯೋ, ಅದು ಹಂಗಲ್ಲ ಮೇಡಂ," ಎಂದು ಒಳಗೆ ಕೂಗಿ ಇನ್ನೊಂದು ಸ್ಟೀಲ್ ಲೋಟ ತರಿಸಿದರು. ಅಷ್ಟರಲ್ಲಿ ಮೆಕ್ಯಾನಿಕ್ ಕಾಗದದ ಲೋಟವನ್ನು ಖಾಲಿ ಮಾಡಿದ್ದರು. "ಕಾಫಿ ಆರೋಗ್ತಿತ್ತು ಮೇಡಂ. ನಡೀರಿ, ಓಡಿಸಿ ನೋಡಣ."

ಆಸನಕ್ಕೆ ಇಳಿದಾಗ ಮಂಡಿ ಕಟಕ್ಕೆಂದಿತು. ರಿಂಗ್ ರಸ್ತೆಗೆ ಬಂದು ಮೂರನೇ ಗೇರಿಗೆ ಹಾಕಿದಾಗ ಬೆನ್ನ ಹಿಂದಿನಿಂದ ಯಾರೋ ಪ್ರೀತಿಯಿಂದ ತಳ್ಳಿದಂತಾಯಿತು. ಆ ಹತ್ತು ನಿಮಿಷ ನಾನು ಯಾವ ಅರ್ಜಿಯನ್ನೂ ನೆನೆಯಲಿಲ್ಲ. ಸ್ಟೀರಿಂಗು ಮಾತ್ರ ಕೈಯಲ್ಲಿ ತುಸು ಹಟ ಮಾಡುತ್ತಿತ್ತು. ಗುತ್ತಿಗೆದಾರರು ಕಳಪೆ ಡಾಂಬರು ಹಾಕುವುದನ್ನೂ, ಬಿಲ್ಲಿಗೆ ಸಹಿ ಮಾಡುವವರು ರಸ್ತೆಗೆ ಇಳಿಯದಿರುವುದನ್ನೂ ವಿವರಿಸತೊಡಗಿದೆ.

"ರಸ್ತೆಗೆ ಬೈಬೇಡಿ," ಎಂದರು ಮೆಕ್ಯಾನಿಕ್. "ರಸ್ತೆ ಎಡಕ್ಕೆ ಇಳಿಜಾರು. ಗಾಡಿ ಬಲಕ್ಕೆ ಎಳೀತಾ ಇದೆ."

ಅದು ರಸ್ತೆಯ ತಪ್ಪೇ ಆಗಿರಲಿ ಎಂದು ಆಶಿಸಿದೆ.

ಹಿಂದಿರುಗಿದಾಗ ಮಾಲೀಕರು ಉತ್ಸಾಹದಲ್ಲಿದ್ದರು. "ಮಗಳ ಥರ ಸಾಕಿದ್ದೀನಿ ಮೇಡಂ. ಒಂದು ವರ್ಷವೂ ಆಯುಧಪೂಜೆ ತಪ್ಪಿಸಿಲ್ಲ. ಹೊರಗೆ ಹೂ ಹಾಕಿ ಬಿಡೋದಲ್ಲ, ಬಾನೆಟ್ ಎತ್ತಿ ಒಳಗೂ ಎರಡೂ ಕಡೆ ಅರಿಶಿನ ಕುಂಕುಮ ಇಡ್ತೀನಿ."

ಯಂತ್ರಪೂಜೆಯ ವಿರುದ್ಧ ನಾನು ಹೇಳಬೇಕಾದ್ದು ಬಹಳಷ್ಟಿತ್ತು. ನಾನು ಬಾಯಿ ತೆರೆಯುವ ಮೊದಲೇ ಮೆಕ್ಯಾನಿಕ್ ಬಾನೆಟ್ ಎತ್ತಿದ್ದರು. ಎಡಗಡೆಯ ಒಳತಗಡಿನ ಅಂಚಿನಲ್ಲಿ, ಎಷ್ಟು ತೊಳೆದರೂ ಹೋಗದ ಹಳದಿ ಕೆಂಪು ಕಲೆ ವರ್ಷಗಳ ಪದರವಾಗಿ ಕೂತಿತ್ತು. ಬಲಗಡೆಯ ತಗಡು ಬೆಳ್ಳಗೆ, ಕಲೆಯಿಲ್ಲದೆ ಹೊಳೆಯುತ್ತಿತ್ತು.

"ಸಾರ್," ಎಂದರು ಮೆಕ್ಯಾನಿಕ್, ಬಹಳ ಮೆತ್ತಗೆ. "ಈ ಕಡೆ ದೇವರು ಯಾವಾಗ ಹೋದ್ರು?"

ಮಾಲೀಕರು ಬಲಗಡೆಯ ತಗಡನ್ನು ಕೈಯಿಂದ ಒರೆಸಿದರು. "ಮೊನ್ನೆ ಹಬ್ಬ ಆದ್ಮೇಲೆ. ಡಿವೈಡರ್‌ಗೆ ತಾಗಿ ಈ ಕಡೆ ತಗಡು ಬದಲಾಯಿಸ್ಬೇಕಾಯ್ತು. ಮಗ ಓಡಿಸ್ತಿದ್ದ."

"ಚಾಸಿ ಬಗ್ಗಿತ್ತಾ?"

"ಎಳೆದು ಸರಿ ಮಾಡಿಸಿದ್ದೀನಲ್ಲಪ್ಪ." ಆಮೇಲೆ ನನ್ನ ಕಡೆ ತಿರುಗಿದರು. "ನೀವು ಕೇಳಿದ್ದಕ್ಕೆಲ್ಲ ಉತ್ತರ ರೆಡಿ ಮಾಡಿದ್ದೆ ಮೇಡಂ. ಆಕ್ಸಿಡೆಂಟ್ ಆಗಿತ್ತಾ ಅಂತ ನಿಮ್ಮ ನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ."

ಇರಲಿಲ್ಲ. ಡಿಕ್ಕಿಯ ಸುಳಿವು ಕೊಡುವ ಸಂದುಗಳ ಅಳತೆ ಕೇಳಿದ್ದೆ, ನೇರ ಪ್ರಶ್ನೆಯನ್ನು ಕೇಳಿರಲಿಲ್ಲ. ಕೀಲಿಯಿನ್ನೂ ನನ್ನ ಮುಷ್ಟಿಯಲ್ಲೇ ಇತ್ತು.

"ಸುಮ್ನೆ ಓಡಿಸಿದ್ರೆ ಓಡುತ್ತೆ," ಎಂದರು ಮೆಕ್ಯಾನಿಕ್. "ಯಾರಾದ್ರೂ ಅಡ್ಡ ಬಂದಾಗ ಜೋರಾಗಿ ಬ್ರೇಕ್ ಹಾಕಿದ್ರೆ ಎತ್ಲಾಗೆ ತಿರುಗುತ್ತೋ ಹೇಳಕ್ಕಾಗಲ್ಲ."

ಅಡ್ಡ ಬರುವವರು ಯಾರೆಂದು ನನಗೆ ಗೊತ್ತಿತ್ತು. ಪಾದಚಾರಿ ಮಾರ್ಗವಿಲ್ಲದೆ ರಸ್ತೆಗಿಳಿದವರು. ಇಷ್ಟು ವರ್ಷ ನಾನು ಅರ್ಜಿ ಬರೆದದ್ದೇ ಅವರಿಗಾಗಿ. ಕೀಲಿ ಹಿಂದಿರುಗಿಸಿದೆ. ಮುಂದೆ ಬರುವವರಿಗೆ ಅಪಘಾತದ ವಿಷಯ ತಾವಾಗಿಯೇ ತಿಳಿಸಬೇಕೆಂದು ಮಾಲೀಕರಿಗೆ ಆ ಸಂಜೆಯೇ ಪತ್ರ ಬರೆದೆ. ಉತ್ತರ ಬರಲಿಲ್ಲ.

ಈಗ ದಿನವೂ ಬೆಳಿಗ್ಗೆ ಅಡುಗೆಮನೆಯಲ್ಲಿ ಮಣೆ ಹಾಕಿ, ಯಾವುದನ್ನೂ ಹಿಡಿಯದೆ ಹತ್ತು ಸಲ ಕೂತು ಏಳುತ್ತೇನೆ. ಏಳನೆಯ ಸಲದಿಂದ ಮಂಡಿ ತಕರಾರು ತೆಗೆಯುತ್ತದೆ. ಈ ಭಾನುವಾರ ಜೆ.ಪಿ. ನಗರದಲ್ಲಿ ಇನ್ನೊಂದು ಕಾರು ನೋಡಲಿಕ್ಕಿದೆ. ನಿನ್ನೆ ಮೆಕ್ಯಾನಿಕ್ ಫೋನು ಮಾಡಿದ್ದರು.

"ಲಿಸ್ಟ್ ಕಳಿಸಿದ್ರಾ ಮೇಡಂ?"

"ಇಲ್ಲ."

"ಗುಡ್."

ಒಳ್ಳೆಯದೇ ಇರಬಹುದು. ಐದು ಪುಟಗಳ ಪಟ್ಟಿ ಮೇಜಿನ ಮೇಲಿದೆ, ಮೊದಲ ಸಾಲಿನಲ್ಲಿ ಆ ನೇರ ಪ್ರಶ್ನೆಯಿದೆ. ಕಂಡರಿಯದ ಒಬ್ಬ ಮನುಷ್ಯನಿಗೆ ತಪಾಸಣೆಯ ಸೂಚನೆ ಕೊಡದೆ ಅವನ ಮನೆಬಾಗಿಲಿಗೆ ಹೋಗುತ್ತಿದ್ದೇನೆ ಎಂಬುದು ಮಾತ್ರ ನಿನ್ನೆಯಿಂದ ಚುಚ್ಚುತ್ತಲೇ ಇದೆ; ಎರಡು ಸಲ ಫೋನು ಕೈಗೆತ್ತಿಕೊಂಡು ಕೆಳಗಿಟ್ಟಿದ್ದೇನೆ.