ಚೀಲದ ತೂಕ

೧೯೮೯ರಲ್ಲಿ ನಾನು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ತೂಕದ ಗುಮಾಸ್ತನಾಗಿದ್ದೆ. ಹನ್ನೊಂದು ವರ್ಷ ಘಾಟು ಕುಡಿದವನು. ಕಂಡ ದೊಡ್ಡ ಊರುಗಳೆಂದರೆ ಹಾವೇರಿ, ರಾಣೆಬೆನ್ನೂರು, ಹೆಚ್ಚೆಂದರೆ ಹುಬ್ಬಳ್ಳಿ. ಆ ವರ್ಷ ನೈರೋಬಿಗೆ ಹೋಗುವ ಯೋಗ ಬಂತು. ಸಣ್ಣ ವಿಮಾನಗಳಲ್ಲಿ ದೂರದ ಹಳ್ಳಿಗಳಿಗೆ ಔಷಧಿ, ಹಿಟ್ಟು ಮುಟ್ಟಿಸುವ ಸೇವಾ ಸಂಸ್ಥೆಯೊಂದರಲ್ಲಿ ರಾಣೆಬೆನ್ನೂರಿನ ಡಾಕ್ಟರ್ ಪಾಟೀಲರು ದುಡಿಯುತ್ತಿದ್ದರು. ಉಗ್ರಾಣಕ್ಕೆ ನಂಬಿಕೆಯ ತೂಕದವನು ಬೇಕೆಂದು ನನ್ನನ್ನು ಕರೆಸಿಕೊಂಡರು. ಹೊರಡುವ ಮುನ್ನ ಕದರಮಂಡಲಗಿ ಹನುಮಪ್ಪನಿಗೆ ಕಾಯಿ ಒಡೆಸಿದೆ. ಸಮುದ್ರ ಹಾರಿದ ದೇವರು, ಹಾರುವ ಕಷ್ಟ ಅವನಿಗೆ ಗೊತ್ತಿರುತ್ತದೆ.

ಆಫ್ರಿಕಾ ಎಂದರೆ ಬೆಂಕಿಯಂಥ ಬಿಸಿಲು ಎಂದುಕೊಂಡು ತೆಳು ಅಂಗಿಗಳನ್ನೇ ಒಯ್ದಿದ್ದೆ. ಬೆಳಿಗ್ಗೆ ಇಳಿದರೆ ಚಳಿ! ಡಾಕ್ಟರರ ಸ್ವೆಟರ್ ಏರಿಸಬೇಕಾಯಿತು. ರಸ್ತೆಯುದ್ದಕ್ಕೂ ನೇರಳೆ ಬಣ್ಣದ ಹೂ ಉದುರಿತ್ತು. ಹೋಟೆಲಿನಲ್ಲಿ ಚಹಾಕ್ಕೆ ಚಾಯ್, ಚಪಾತಿಗೆ ಚಪಾತಿ ಎಂದೇ ಅನ್ನುತ್ತಿದ್ದರು. ಊರು ಬಿಟ್ಟು ಬಂದ ದುಃಖ ಅರ್ಧ ಅಲ್ಲೇ ಇಳಿಯಿತು.

ವಿಚಿತ್ರವೆನಿಸಿದ್ದು ಒಂದೇ. ಅಲ್ಲಿ ಮನುಷ್ಯರನ್ನೂ ಕಾಟಾದ ಮೇಲೆ ನಿಲ್ಲಿಸಿ ತೂಗುತ್ತಿದ್ದರು. ನೈರೋಬಿ ಇರುವುದು ಸಮುದ್ರಮಟ್ಟದಿಂದ ಸುಮಾರು ಐದೂವರೆ ಸಾವಿರ ಅಡಿ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು, ವಿಮಾನ ಹೊರುವ ಭಾರಕ್ಕೆ ಮಿತಿ ಕಟ್ಟುನಿಟ್ಟು. ಆ ಲೆಕ್ಕ ಬರೆಯುವ ಹಾಳೆಗೆ ಲೋಡ್ ಶೀಟ್ ಎನ್ನುತ್ತಾರೆ. ಮೂರನೆಯ ದಿನ ಅದು ನನ್ನ ಕೈಗೆ ಬಂತು.

ಉತ್ತರದ ಒಂದು ಹಳ್ಳಿಯ ಮಕ್ಕಳಿಗೆಂದು ಹನ್ನೆರಡು ಚೀಲ ಹಿಟ್ಟು ಹೊರಟಿತ್ತು. ತೂಗಿದೆ, ಬರೆದೆ. ಔಷಧಿ ಪೆಟ್ಟಿಗೆ, ಡಾಕ್ಟರ್, ಎಲ್ಲವೂ ಆಯಿತು. ಕೊನೆಗೆ ಪೈಲಟ್, ನೈರೋಬಿಯವನೇ ಆದ ಎತ್ತರದ ಆಸಾಮಿ, ತಾನೂ ಕಾಟಾ ಏರಿದ. ಕೈಯಲ್ಲಿ ಬುತ್ತಿ ಡಬ್ಬಿ. ಡಬ್ಬಿ ಕೆಳಗಿಡು ಎಂದು ಸನ್ನೆ ಮಾಡಿದೆ. ಅವನು ನಕ್ಕು, ಡಬ್ಬಿ ಸಮೇತವೇ ಬರೆಸಿದ. ಎಲ್ಲ ಸೇರಿ ಮಿತಿಗೆ ಸರಿಯಾಗಿ ಬಂತು. ಅವರು ವಿಮಾನ ಹತ್ತಿದರು.

ಡಬ್ಬಿ ಯಾಕೆ ಬರೆಸಿದ ಎಂದು ಕಾಟಾ ಒರೆಸುತ್ತ ಯೋಚಿಸಿದೆ. ಅದೂ ಜೊತೆಗೆ ಹಾರುತ್ತದಲ್ಲ! ಹಾಗೆ ಹೊಳೆದೊಡನೆ ನಾನು ಬರೆದ ಚೀಲಗಳ ಲೆಕ್ಕ ನೆನಪಾಯಿತು. ಬ್ಯಾಡಗಿಯಲ್ಲಿ ನಮ್ಮ ಅಂಗಡಿಯ ರೂಢಿ ಎಂದರೆ, ಗೋಣಿಚೀಲದ ತೂಕವೆಂದು ಚೀಲಕ್ಕೊಂದು ಕಿಲೋ ಕಳೆದು ಬರೆಯುವುದು. ಊರು ಬದಲಾದರೂ ಕೈ ಬದಲಾಗಿರಲಿಲ್ಲ. ಇಲ್ಲೂ ಕಳೆದೇ ಬರೆದಿತ್ತು. ಹನ್ನೆರಡು ಕಿಲೋ ಹಾಳೆಯಲ್ಲಿ ಇರಲಿಲ್ಲ, ವಿಮಾನದಲ್ಲಿತ್ತು.

ಎಂಜಿನ್ ಶುರುವಾಗಿತ್ತು. ಹೇಳಿದರೆ ಮೂರೇ ದಿನಕ್ಕೆ ಊರಿಗೆ ವಾಪಸ್, ನಂಬಿ ಕರೆಸಿದ ಡಾಕ್ಟರರಿಗೂ ಅವಮಾನ. ಹನ್ನೆರಡು ಕಿಲೋ ಏನು ಮಹಾ ಎಂದು ಒಂದು ಗಳಿಗೆ ನಿಂತದ್ದು ನಿಜ, ಸುಳ್ಳು ಯಾಕೆ ಹೇಳಲಿ. ಆಮೇಲೆ ಕೈಯೆತ್ತಿ ಓಡಿದೆ.

ಎಂಜಿನ್ ನಿಂತಿತು. ಡಾಕ್ಟರ್ ಬಾಗಿಲು ತೆರೆದರು. "ಏನಾತೊ ಬಸಪ್ಪ?"

"ಸಾಹೇಬ್ರ, ತಪ್ಪಾಗೇತ್ರಿ. ಚೀಲದ ತೂಕ ಕಳದು ಬರದೇನಿ. ಹನ್ನೆರಡು ಕಿಲೋ ಹೆಚ್ಚೈತ್ರಿ."

ಅವರು ಪೈಲಟ್‌ಗೆ ಇಂಗ್ಲಿಷಿನಲ್ಲಿ ತಿಳಿಸಿದರು. ಅವನು ಬೈಯಲಿಲ್ಲ. ಒಂದು ಚೀಲ ಇಳಿಸಿ, ಹೊಸ ಹಾಳೆ, ಪೆನ್ಸಿಲು ನನ್ನ ಕೈಗೇ ಕೊಟ್ಟ. ಬೈದಿದ್ದರೆ ಹಗುರಾಗುತ್ತಿತ್ತು. ಈ ಸಲ ಏನನ್ನೂ ಕಳೆಯದೆ ಮತ್ತೆ ಬರೆದೆ.

ವಿಮಾನ ಹೋಯಿತು, ಇಳಿಸಿದ ಚೀಲ ಉಳಿಯಿತು. ಯಾವ ಮಗುವಿನ ಹಿಟ್ಟೋ ಎಂದು ದಿನವಿಡೀ ಸಂಕಟಪಟ್ಟೆ. ಸಂಜೆ ಮರಳಿದ ಡಾಕ್ಟರ್ ಕೈಕಾಲು ತೊಳೆಯುತ್ತ ಹೇಳಿದರು: "ಅಲ್ಲಿ ಮಳಿ ಆಗಿತ್ತು. ಇಳಿಯೂ ಜಾಗಾ ಪೂರಾ ರಾಡಿ. ಜಾರಿಕೋತ ಹೋಗಿ ಹಳ್ಳದ ದಂಡ್ಯಾಗ ನಿಂತ್ವಿ. ಭಾರ ಇನ್ನಷ್ಟು ಇದ್ದಿದ್ರ ಹಳ್ಳದಾಗ ಇರತಿದ್ವಿ." ಟವೆಲಿಗೆ ಕೈ ಒರೆಸಿಕೊಂಡು, "ಉಳದ ಚೀಲ ನಾಳಿಗೆ ಕಳಸೋಣ. ನಡಿ, ಊಟಾ ಮಾಡು" ಎಂದರು.

ಎರಡು ವರ್ಷ ಅಲ್ಲೇ ತೂಗಿದೆ. ಬ್ಯಾಡಗಿಗೆ ಮರಳಿದ ಮೇಲೆ ಮತ್ತೆ ಚೀಲದ ತೂಕ ಕಳೆಯತೊಡಗಿದೆ. ಇಲ್ಲಿ ದುಡ್ಡು ಕೊಡುವುದು ಕಾಯಿಗೆ, ಚೀಲಕ್ಕಲ್ಲ, ಅದೇ ನ್ಯಾಯ. ಆದರೆ ತಪ್ಪು ಒಪ್ಪಿಕೊಳ್ಳುವುದಿದ್ದರೆ ವಿಮಾನ ನೆಲದ ಮೇಲಿರುವಾಗಲೇ ಓಡಬೇಕು ಎಂಬುದನ್ನು ಆ ಕೆಲಸ ಕಲಿಸಿತು. ಈಗ ದವಾಖಾನೆಯಲ್ಲಿ ತೂಕಕ್ಕೆ ನಿಂತಾಗ ನರ್ಸಮ್ಮ ಚಪ್ಪಲಿ ಬಿಡಲು ಹೇಳುತ್ತಾಳೆ. "ಇರಲಿ ಬಿಡವಾ, ಅವೂ ನನ್ನ ಕೂಡನ ಬರ್ತಾವು" ಎನ್ನುತ್ತೇನೆ.